ಒಂದೇ ದೇಶ, ಎರಡು ಬಗೆಯ ಕಾನೂನು: ಕ್ವಿಬೆಕ್‌ನ ವಕೀಲ ಕಾರ್ಟಿಯೆ ಮಾಡಿಟ್ಟ ಏರ್ಪಾಡು

ಟೊರಾಂಟೊದಲ್ಲಿ ನಾಲ್ಕಾರು ವರ್ಷ ಇದ್ದು ಆಮೇಲೆ ಮಾಂಟ್ರಿಯಲ್‌ಗೆ ಮನೆ ಬದಲಿಸುವ ಕನ್ನಡದ ಕುಟುಂಬಗಳಿಗೆ ಒಂದು ಗೊಂದಲ ಕಾದಿರುತ್ತದೆ. ದೇಶ ಅದೇ, ಪ್ರಧಾನಿ ಅದೇ, ಕಳ್ಳತನಕ್ಕೆ ಕೊಡುವ ಶಿಕ್ಷೆಯೂ ಅದೇ. ಆದರೆ ಮಾಂಟ್ರಿಯಲ್ ಇರುವ ಕ್ವಿಬೆಕ್ ಪ್ರಾಂತ್ಯದಲ್ಲಿ ಮನೆ ಸಾಲದ ಅಡಮಾನ ಪತ್ರ ನೋಟರಿಯ ಮುಂದೆಯೇ ಆಗಬೇಕು. ಅಲ್ಲಿನ ನೋಟರಿ ಅಫಿಡವಿಟ್‌ಗೆ ಸೀಲು ಒತ್ತಿ ಕಳಿಸುವವರಲ್ಲ. ದಸ್ತಾವೇಜು ತಾವೇ ಬರೆದು, ಮೂಲಪ್ರತಿಯನ್ನು ತಮ್ಮ ಬಳಿ ಕಾಪಿಡುವ ಪ್ರತ್ಯೇಕ ಕಾನೂನು ವೃತ್ತಿಯವರು. ಅವರ ಮುಂದೆ ಬರೆಸಿದ ಉಯಿಲಿಗೆ ಕೋರ್ಟಿನ ಪ್ರೊಬೇಟ್, ಅಂದರೆ ಉಯಿಲು ಅಸಲಿ ಎಂಬ ದೃಢೀಕರಣ, ಬೇಕಿಲ್ಲ. 1981ರಿಂದ ಮದುವೆಯಾದ ಹೆಣ್ಣು ಎಲ್ಲ ಅಧಿಕೃತ ಕಾಗದಗಳಲ್ಲೂ ಹುಟ್ಟಿನ ಹೆಸರನ್ನೇ ಬಳಸಬೇಕು.

ಉಳಿದ ಪ್ರಾಂತ್ಯಗಳಿಗೆ ಇಲ್ಲದ ಕಾನೂನು ಕ್ವಿಬೆಕ್‌ಗೆ ಮಾತ್ರ ಹೇಗೆ? ಉತ್ತರ ಹುಡುಕುತ್ತ ಹಿಂದೆ ಹೋದರೆ 19ನೇ ಶತಮಾನದ ಒಬ್ಬ ಫ್ರೆಂಚ್ ಕೆನಡಿಯನ್ ವಕೀಲ ಸಿಗುತ್ತಾನೆ: ಜಾರ್ಜ್ ಎಟಿಯೆನ್ ಕಾರ್ಟಿಯೆ. ಕೆನಡಾ ಒಕ್ಕೂಟ ಕಟ್ಟಿದವರಲ್ಲಿ ಮೊದಲ ಪ್ರಧಾನಿ ಜಾನ್ ಮ್ಯಾಕ್‌ಡೊನಾಲ್ಡ್ ಹೆಸರು ಎಲ್ಲರಿಗೂ ಗೊತ್ತು. ಆ ಒಕ್ಕೂಟಕ್ಕೆ ಫ್ರೆಂಚರನ್ನು ಒಪ್ಪಿಸಿ ಕರೆತಂದವನು ಕಾರ್ಟಿಯೆ.

ಸೋತವರ ಕಾನೂನು ಉಳಿದದ್ದು ಹೇಗೆ

ಸೇಂಟ್ ಲಾರೆನ್ಸ್ ನದಿಯ ದಂಡೆಯಲ್ಲಿದ್ದ ಫ್ರೆಂಚ್ ವಸಾಹತನ್ನು ಬ್ರಿಟಿಷರು 1760ರ ಹೊತ್ತಿಗೆ ಗೆದ್ದುಕೊಂಡರು. 1763ರ ಒಪ್ಪಂದದಲ್ಲಿ ಫ್ರಾನ್ಸ್ ಅದನ್ನು ಬಿಟ್ಟುಕೊಟ್ಟಿತು. ಗೆದ್ದವರು ತಮ್ಮ ಕಾನೂನನ್ನೇ ಹೇರಬಹುದಿತ್ತು, ಹೇರಲು ನೋಡಿದರು ಕೂಡ. ಆದರೆ ಜಮೀನು, ಮದುವೆ, ವಾರಸುದಾರಿಕೆ ಎಲ್ಲವೂ ಫ್ರೆಂಚ್ ಪದ್ಧತಿಯಲ್ಲಿ ನಡೆಯುತ್ತಿದ್ದ ಸಮಾಜವನ್ನು ಬುಡಮೇಲು ಮಾಡುವುದು ಸುಲಭವಿರಲಿಲ್ಲ. ಹಾಗಾಗಿ 1774ರ ಕ್ವಿಬೆಕ್ ಕಾಯ್ದೆ ಒಂದು ಗೆರೆ ಎಳೆಯಿತು: ಅಪರಾಧ ಪ್ರಕರಣಗಳಿಗೆ ಇಂಗ್ಲಿಷ್ ಕಾನೂನು, ಆಸ್ತಿ ಮತ್ತು ಸಿವಿಲ್ ಹಕ್ಕುಗಳ ವ್ಯಾಜ್ಯಗಳಿಗೆ ಹಳೆಯ ಫ್ರೆಂಚ್ ಕಾನೂನು.

1791ರಲ್ಲಿ ವಸಾಹತನ್ನು ಎರಡು ಮಾಡಿದರು. ನದಿಯ ಮೇಲ್ಗಡೆ, ಇಂಗ್ಲಿಷರು ಹೆಚ್ಚಿದ್ದದ್ದು ಮೇಲಿನ ಕೆನಡಾ, ಅಂದರೆ ಇಂದಿನ ಒಂಟಾರಿಯೊ. ನದಿ ಹರಿದು ಹೋಗುವ ಕಡೆ, ಫ್ರೆಂಚರು ಹೆಚ್ಚಿದ್ದದ್ದು ಕೆಳಗಿನ ಕೆನಡಾ, ಇಂದಿನ ಕ್ವಿಬೆಕ್. ನಕ್ಷೆ ನೋಡಿದರೆ ಕೆಳಗಿನ ಕೆನಡಾವೇ ಮೇಲಿರುತ್ತದೆ. ಮೇಲು ಕೆಳಗು ಲೆಕ್ಕ ಹಾಕಿದ್ದು ನೀರಿನ ಹರಿವಿನಿಂದ.

ಬಂಡಾಯದಿಂದ ವಕೀಲಿಕೆಗೆ

ಕಾರ್ಟಿಯೆ ಹುಟ್ಟಿದ್ದು 1814ರ ಸೆಪ್ಟೆಂಬರ್ 6ರಂದು, ರಿಶಲ್ಯೂ ನದಿ ದಂಡೆಯ ಸಾಂ ಆಂಟ್ವಾನ್ ಊರಿನಲ್ಲಿ. ಧಾನ್ಯದ ವ್ಯಾಪಾರದಲ್ಲಿ ದುಡ್ಡು ಕಂಡ ಮನೆತನ. ಇಂಗ್ಲೆಂಡಿನ ರಾಜ ಮೂರನೇ ಜಾರ್ಜ್‌ನ ಹೆಸರನ್ನು ಮಗನಿಗೆ ಇಟ್ಟರು, ಅದೂ ಇಂಗ್ಲಿಷ್ ಕಾಗುಣಿತದಲ್ಲಿ. ಮಾಂಟ್ರಿಯಲ್‌ನಲ್ಲಿ ಸುಲ್ಪಿಸಿಯನ್ ಪಾದ್ರಿಗಳ ಕಾಲೇಜಿನಲ್ಲಿ ಓದಿ, ವಕೀಲರೊಬ್ಬರ ಕೈಕೆಳಗೆ ಪಳಗಿ, 1835ರಲ್ಲಿ ಸನ್ನದು ಪಡೆದ.

ಆಗ ಕೆಳಗಿನ ಕೆನಡಾ ಕುದಿಯುತ್ತಿತ್ತು. ಚುನಾಯಿತ ಸಭೆಯಲ್ಲಿ ಫ್ರೆಂಚರದೇ ಬಹುಮತ. ಆದರೆ ಖಜಾನೆ ಮತ್ತು ನೇಮಕಾತಿ ಗವರ್ನರ್ ಹಾಗೂ ಅವನು ಆರಿಸಿದ ಮಂಡಳಿಯ ಕೈಯಲ್ಲಿ. 1834ರಲ್ಲಿ ಸಭೆ 92 ಬೇಡಿಕೆಗಳ ನಿರ್ಣಯ ಕಳಿಸಿತು. 1837ರಲ್ಲಿ ಲಂಡನ್ ಅದನ್ನು ತಳ್ಳಿಹಾಕಿದಾಗ ಬಂದೂಕು ಹೊರಬಂತು. 23ರ ಹರೆಯದ ಕಾರ್ಟಿಯೆ ನವೆಂಬರ್ 23ರಂದು ಸಾಂ ಡನಿಯಲ್ಲಿ ಬಂಡಾಯದ ನಾಯಕ ವುಲ್ಫ್ರೆಡ್ ನೆಲ್ಸನ್‌ನ ಪಡೆಯ ಜೊತೆ ಬ್ರಿಟಿಷ್ ಸೈನಿಕರ ಎದುರು ನಿಂತ. ಬಂಡಾಯಗಾರರು ಗೆದ್ದದ್ದು ಅದೊಂದೇ ಕಾಳಗ. ಎರಡೇ ದಿನಕ್ಕೆ ಸಾಂ ಶಾರ್ಲ್, ಡಿಸೆಂಬರ್ 14ಕ್ಕೆ ಸಾಂಟ್ ಯುಸ್ಟಾಶ್ ಬಿದ್ದವು. ಮರುವರ್ಷದ ಎರಡನೇ ಬಂಡಾಯದ ನಂತರ 12 ಜನರನ್ನು ಗಲ್ಲಿಗೇರಿಸಿದರು, 58 ಜನರನ್ನು ಆಸ್ಟ್ರೇಲಿಯಾಕ್ಕೆ ಗಡೀಪಾರು ಮಾಡಿದರು. ಕಾರ್ಟಿಯೆ ತಲೆಮರೆಸಿಕೊಂಡು 1838ರ ವಸಂತದಲ್ಲಿ ಅಮೆರಿಕದ ವರ್ಮಾಂಟ್‌ಗೆ ಓಡಿದ. ತಾನು ರಾಜನಿಷ್ಠನೆಂದು ಅಧಿಕಾರಿಗಳಿಗೆ ಬರೆದುಕೊಂಡು ಅದೇ ವರ್ಷ ಶರತ್ಕಾಲಕ್ಕೆ ವಾಪಸು ಬಂದು ವಕೀಲಿಕೆ ಶುರುಮಾಡಿದ. ಎರಡನೇ ಬಂಡಾಯದ ಗೊಡವೆಗೆ ಹೋಗಲಿಲ್ಲ.

ಸಂಖ್ಯೆಯ ಲೆಕ್ಕ ತಿರುಗಿದ ಬಗೆ

ಬಂಡಾಯದ ಕಾರಣ ಹುಡುಕಲು ಬಂದ ಲಾರ್ಡ್ ಡರ್ಹಮ್ 1839ರ ವರದಿಯಲ್ಲಿ ಕೊಟ್ಟ ಮದ್ದು ಸರಳ: ಎರಡೂ ಕೆನಡಾಗಳನ್ನು ಸೇರಿಸಿ, ಫ್ರೆಂಚರು ಕ್ರಮೇಣ ಇಂಗ್ಲಿಷರಲ್ಲಿ ಕರಗಿಹೋಗಲಿ. 1841ರಲ್ಲಿ ಒಂದುಗೂಡಿದ ಪ್ರಾಂತ್ಯ ಜಾರಿಗೆ ಬಂತು. ಎರಡೂ ಭಾಗಕ್ಕೆ ತಲಾ 42 ಸ್ಥಾನ. ಜನ ಹೆಚ್ಚಿದ್ದದ್ದು ಫ್ರೆಂಚ್ ಭಾಗದಲ್ಲಿ, ಆದ್ದರಿಂದ ಸಮಪಾಲು ಅವರಿಗೆ ಮಾಡಿದ ಅನ್ಯಾಯವೇ ಆಗಿತ್ತು. ಶಾಸನಸಭೆಯ ಕಾಗದಪತ್ರಗಳ ಭಾಷೆಯಾಗಿ ಇಂಗ್ಲಿಷ್ ಒಂದೇ ಉಳಿಯಿತು. ಫ್ರೆಂಚ್ ಮೇಲಿನ ಆ ನಿರ್ಬಂಧ ಹೋದದ್ದು 1848ರಲ್ಲಿ.

ಹತ್ತು ವರ್ಷದಲ್ಲಿ ಲೆಕ್ಕ ಉಲ್ಟಾ ಆಯಿತು. 1851ರ ಜನಗಣತಿಯಲ್ಲಿ ಮೇಲಿನ ಭಾಗ 9,52,004, ಕೆಳಗಿನ ಭಾಗ 8,90,261. ಈಗ ಇಂಗ್ಲಿಷ್ ಕಡೆಯ ಜಾರ್ಜ್ ಬ್ರೌನ್ ಮತ್ತು ಸಂಗಡಿಗರು ಜನಸಂಖ್ಯೆಗೆ ತಕ್ಕ ಸ್ಥಾನ ಕೊಡಿ ಎಂದು ಕೂಗೆಬ್ಬಿಸಿದರು. ತಮಗೆ ಅನ್ಯಾಯವಾಗಿದ್ದ ಸಮಪಾಲನ್ನೇ ಫ್ರೆಂಚರು ಗಟ್ಟಿಯಾಗಿ ಹಿಡಿದುಕೊಳ್ಳಬೇಕಾಯಿತು.

1848ರಲ್ಲಿ ವೆರ್ಶೇರ್ ಕ್ಷೇತ್ರದಿಂದ ಗೆದ್ದ ಕಾರ್ಟಿಯೆ ಈ ಪರಿಸ್ಥಿತಿಯಲ್ಲೇ ಬೆಳೆದ. ಅವನ ಗುರು ಲೂಯಿ ಇಪೊಲಿಟ್ ಲಾಫೊಂಟೇನ್ ಕಲಿಸಿದ ಪಾಠ: ಒಗ್ಗಟ್ಟಾಗಿ ಮತ ಹಾಕುವ ಫ್ರೆಂಚ್ ಗುಂಪಿಲ್ಲದೆ ಯಾರೂ ಸರ್ಕಾರ ಮಾಡುವಂತಿರಬಾರದು. ಇದರ ಜೊತೆ ಅವನ ಕಚೇರಿಯೂ ಬೆಳೆಯಿತು. ಮಾಂಟ್ರಿಯಲ್ ದ್ವೀಪದ ಜಮೀನುದಾರರೇ ಆಗಿದ್ದ ಸುಲ್ಪಿಸಿಯನ್ ಪಾದ್ರಿಗಳು ಅವನ ಕಕ್ಷಿದಾರರು. 1853ರಿಂದ ಗ್ರ್ಯಾಂಡ್ ಟ್ರಂಕ್ ರೈಲ್ವೆಯ ವಕೀಲ. ಅದೇ ಕಾಲಕ್ಕೆ ಶಾಸನಸಭೆಯ ರೈಲ್ವೆ ಸಮಿತಿಯ ಅಧ್ಯಕ್ಷನೂ ಅವನೇ! ಈಗ ಹಿತಾಸಕ್ತಿ ಸಂಘರ್ಷ ಅನ್ನುವುದು ಆಗ ನಡೆದುಹೋಗುತ್ತಿತ್ತು.

ಎರಡು ದಿನದ ಸರ್ಕಾರ

ಕಾರ್ಟಿಯೆ ಸರ್ಕಾರದ ಮುಖ್ಯಸ್ಥನಾದ ಬಗೆ ವಕೀಲರ ಚಾಕಚಕ್ಯತೆಗೆ ಒಳ್ಳೆಯ ಉದಾಹರಣೆ. ಆಗಿನ ನಿಯಮದಂತೆ ಶಾಸಕನೊಬ್ಬ ಸಂಬಳದ ಮಂತ್ರಿಯಾದ ಕೂಡಲೇ ಅವನ ಸ್ಥಾನ ಖಾಲಿ. ಉಪಚುನಾವಣೆಯಲ್ಲಿ ಮತ್ತೆ ಗೆದ್ದು ಬರಬೇಕು. ಆದರೆ 1857ರ ಕಾಯ್ದೆಯಲ್ಲಿ ಒಂದು ಸಣ್ಣ ವಿನಾಯಿತಿ ಇತ್ತು: ಮಂತ್ರಿ ರಾಜೀನಾಮೆ ಕೊಟ್ಟು ಒಂದು ತಿಂಗಳೊಳಗೆ ಬೇರೊಂದು ಖಾತೆ ವಹಿಸಿಕೊಂಡರೆ ಉಪಚುನಾವಣೆ ಬೇಡ. ಖಾತೆ ಅದಲುಬದಲಿಗೆಂದು ಮಾಡಿದ ಅನುಕೂಲ ಅದು.

1858ರ ಜುಲೈ 28ರಂದು ರಾಜಧಾನಿಯಾಗಿ ಒಟ್ಟಾವವನ್ನು ಆರಿಸಿದ ರಾಣಿಯ ತೀರ್ಮಾನವನ್ನು ಸಭೆ ಒಪ್ಪಲಿಲ್ಲ. ಮ್ಯಾಕ್‌ಡೊನಾಲ್ಡ್ ಮತ್ತು ಕಾರ್ಟಿಯೆಯ ಸರ್ಕಾರ ಮರುದಿನ ರಾಜೀನಾಮೆ ಕೊಟ್ಟಿತು. ಆಗಸ್ಟ್ 2ಕ್ಕೆ ಬ್ರೌನ್ ಮತ್ತು ಫ್ರೆಂಚ್ ಕಡೆಯ ವಿರೋಧಿ ನಾಯಕ ಆಂಟ್ವಾನ್ ಎಮೆ ಡೋರಿಯಾನ್ ಅಧಿಕಾರಕ್ಕೆ ಬಂದರು. ಹೊಸ ಮಂತ್ರಿಗಳಾದ್ದರಿಂದ ಅವರ ಸ್ಥಾನಗಳೇ ಖಾಲಿಯಾದವು, ಸಭೆಯಲ್ಲಿ ವಿಶ್ವಾಸಮತ ಹೋಯಿತು, ಗವರ್ನರ್ ಎಡ್ಮಂಡ್ ಹೆಡ್ ಹೊಸ ಚುನಾವಣೆಗೆ ಒಪ್ಪಲಿಲ್ಲ. 4ರಂದು ಅವರು ಇಳಿದರು. 6ರಂದು ಕಾರ್ಟಿಯೆ ಮುಖ್ಯಸ್ಥನಾಗಿ ಹಳೆಯ ಮಂತ್ರಿಗಳೇ ಬೇರೆ ಬೇರೆ ಖಾತೆಗಳಿಗೆ ಪ್ರಮಾಣವಚನ ತೆಗೆದುಕೊಂಡರು. ಮ್ಯಾಕ್‌ಡೊನಾಲ್ಡ್ ಅಂಚೆ ಖಾತೆಗೆ, ಕಾರ್ಟಿಯೆ ಹಣಕಾಸಿನ ಇನ್‌ಸ್ಪೆಕ್ಟರ್ ಜನರಲ್ ಹುದ್ದೆಗೆ. ಮರುದಿನವೇ ಇಬ್ಬರೂ ಹಳೆಯ ಅಟಾರ್ನಿ ಜನರಲ್ ಕುರ್ಚಿಗಳಿಗೆ ಮರಳಿದರು. ಯಾರೂ ಚುನಾವಣೆಗೆ ಹೋಗಲಿಲ್ಲ. ವಿರೋಧಿಗಳು ಕೋರ್ಟಿಗೆ ಹೋದರು, ನ್ಯಾಯಾಧೀಶರು ಕಾಯ್ದೆಯ ಅಕ್ಷರಕ್ಕೆ ಇದು ಸರಿಯೇ ಇದೆ ಎಂದರು. ಈ ಸರ್ಕಾರ 1862ರ ಮೇ ತನಕ ನಡೆಯಿತು.

2,615 ಕಲಮುಗಳ ಸಂಹಿತೆ

ಅವನ ಅತಿ ಗಟ್ಟಿ ಕೆಲಸ ಇದು, ಆದರೆ ಸಾಮಾನ್ಯ ಚರಿತ್ರೆ ಪುಸ್ತಕಗಳಲ್ಲಿ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ.

ಇಂಗ್ಲಿಷ್ ಪರಂಪರೆಯ ಕಾಮನ್ ಲಾದಲ್ಲಿ ಹಿಂದಿನ ತೀರ್ಪುಗಳೇ ಕಾನೂನಿನ ಬೆನ್ನೆಲುಬು. ಭಾರತದ ವಕೀಲರು ಪಳಗಿದ್ದೂ ಇದರಲ್ಲೇ. ಫ್ರೆಂಚ್ ಪರಂಪರೆಯ ಸಿವಿಲ್ ಕಾನೂನಿನಲ್ಲಿ ಬರೆದಿಟ್ಟ ನಿಯಮ ಮೊದಲು, ತೀರ್ಪು ಆಮೇಲೆ. ಹಾಗಾದರೆ ಕೆಳಗಿನ ಕೆನಡಾದಲ್ಲಿ ಬರೆದಿಟ್ಟದ್ದು ಎಲ್ಲಿತ್ತು? ಪ್ಯಾರಿಸ್ ಪ್ರದೇಶದ ಹಳೆಯ ಪದ್ಧತಿ ಗ್ರಂಥ, ಫ್ರೆಂಚ್ ರಾಜರ ಆಜ್ಞೆಗಳು, ರೋಮನ್ ಕಾನೂನು, ಅದರ ಮೇಲೆ ಬ್ರಿಟಿಷರ ಕಾಯ್ದೆಗಳು, ಎಲ್ಲ ಚೆಲ್ಲಾಪಿಲ್ಲಿ. ಫ್ರಾನ್ಸ್ 1804ರಲ್ಲಿ ನೆಪೋಲಿಯನ್ ಸಂಹಿತೆ ತಂದಮೇಲೆ ಹಳೆಯ ಗ್ರಂಥಗಳಿಗೆ ಅಲ್ಲಿ ಮರುಮುದ್ರಣವಿಲ್ಲ, ವ್ಯಾಖ್ಯಾನವಿಲ್ಲ. ಇಂಗ್ಲಿಷ್ ಮಾತಾಡುವವರಿಗೆ ತಾವು ಪಾಲಿಸಬೇಕಾದ ಕಾನೂನು ತಮ್ಮ ಭಾಷೆಯಲ್ಲಿ ಸಿಗುತ್ತಲೇ ಇರಲಿಲ್ಲ. 1857ರಲ್ಲಿ ಅಟಾರ್ನಿ ಜನರಲ್ ಆಗಿ ಕಾರ್ಟಿಯೆ ತಂದ ಕಾಯ್ದೆಯ ಪೀಠಿಕೆಯಲ್ಲೇ ಈ ಕಾರಣಗಳಿವೆ. ಹೀಗೇ ಬಿಟ್ಟರೆ ಫ್ರೆಂಚ್ ಕಾನೂನನ್ನು ಯಾರೂ ರದ್ದು ಮಾಡಬೇಕಾಗಿರಲಿಲ್ಲ, ಬಳಸುವವರಿಲ್ಲದೆ ತಾನೇ ಸವೆದುಹೋಗುತ್ತಿತ್ತು.

ಆಯೋಗಕ್ಕೆ ಮೂವರು. ರೆನೆ ಎಡ್ವಾರ್ ಕಾರೊನ್. ಒಗ್ಯುಸ್ಟಾಂ ನೋರ್ಬೇರ್ ಮೊರಾಂ. ಚಾರ್ಲ್ಸ್ ಡ್ಯೂಯಿ ಡೇ. 1834ರ 92 ನಿರ್ಣಯಗಳ ಕರಡನ್ನು ಬಹುಪಾಲು ಬರೆದವನು ಮೊರಾಂ. ಬಂಡಾಯಗಾರರ ಮೇಲಿನ ಸೈನಿಕ ನ್ಯಾಯಾಲಯದಲ್ಲಿ ಸರ್ಕಾರದ ಪರ ಕೆಲಸ ಮಾಡಿದವನು ಡೇ. ಇಬ್ಬರನ್ನೂ ಒಂದೇ ಮೇಜಿಗೆ ಕೂರಿಸಿದ್ದು ಮಾಜಿ ಬಂಡಾಯಗಾರನ ಸರ್ಕಾರ. ಸಂಹಿತೆ ಎರಡೂ ಕಡೆಯವರಿಗೆ ಒಪ್ಪಿಗೆಯಾಗಬೇಕಿತ್ತು ಎಂಬುದು ಈ ಆಯ್ಕೆಯಲ್ಲೇ ಕಾಣುತ್ತದೆ.

ಕೆಲಸದ ವಿಧಾನವನ್ನೂ ಕಾಯ್ದೆಯೇ ಹೇಳಿತ್ತು. ನೆಪೋಲಿಯನ್ ಸಂಹಿತೆಯ ಚೌಕಟ್ಟು ಅನುಸರಿಸಬೇಕು. ಸದ್ಯ ಜಾರಿಯಲ್ಲಿರುವ ಕಾನೂನನ್ನು ಮಾತ್ರ ಕಲಮುಗಳಾಗಿ ಬರೆಯಬೇಕು. ಪ್ರತಿಯೊಂದಕ್ಕೂ ಆಧಾರ ಕೊಡಬೇಕು. ಬದಲಾವಣೆ ಬೇಕೆನಿಸಿದರೆ ಪ್ರತ್ಯೇಕವಾಗಿ, ಕಾರಣ ಸಮೇತ ಸೂಚಿಸಬೇಕು. ಹಳೆಯದರ ನಡುವೆ ಹೊಸದನ್ನು ಸದ್ದಿಲ್ಲದೆ ತೂರಿಸುವಂತಿಲ್ಲ. 1866ರ ಆಗಸ್ಟ್ 1ರಂದು ಸಂಹಿತೆ ಎರಡೂ ಭಾಷೆಗಳಲ್ಲಿ ಜಾರಿಗೆ ಬಂತು. ಮೊರಾಂ ಅದನ್ನು ನೋಡಲಿಲ್ಲ, ಹಿಂದಿನ ವರ್ಷವೇ ತೀರಿಕೊಂಡಿದ್ದ. ಒಟ್ಟು ನಾಲ್ಕು ಭಾಗ: ವ್ಯಕ್ತಿಗಳು, ಆಸ್ತಿ, ಆಸ್ತಿ ಗಳಿಕೆಯ ಬಗೆಗಳು, ವಾಣಿಜ್ಯ. ಕೊನೆಯದು ನೆಪೋಲಿಯನ್ ಸಂಹಿತೆಯಲ್ಲಿ ಇಲ್ಲದ ಭಾಗ. ಮಾಂಟ್ರಿಯಲ್ ವ್ಯಾಪಾರಿಗಳಿಗೆ ಬೇಕಾಗಿದ್ದು. ಉಯಿಲಿನ ವಿಷಯದಲ್ಲೂ ಫ್ರಾನ್ಸಿನ ದಾರಿ ಬಿಟ್ಟರು. ಫ್ರಾನ್ಸಿನಲ್ಲಿ ಮಕ್ಕಳ ಪಾಲನ್ನು ಉಯಿಲಿನಿಂದ ಪೂರ್ತಿ ತಪ್ಪಿಸಲಾಗದು. ಇಲ್ಲಿ ಇಂಗ್ಲಿಷರ ಪ್ರಭಾವದಿಂದ ಬಂದಿದ್ದ ಪೂರ್ಣ ಸ್ವಾತಂತ್ರ್ಯ ಹಾಗೇ ಉಳಿಯಿತು.

ಕುಟುಂಬದ ಕಲಮುಗಳು ಮಾತ್ರ ಬಿಗಿ. 185ನೇ ಕಲಮಿನ ಪ್ರಕಾರ ಮದುವೆ ಮುರಿಯುವುದು ಸಾವಿನಿಂದ ಮಾತ್ರ. ಗಂಡನ ಅನುಮತಿಯಿಲ್ಲದೆ ಹೆಂಡತಿ ಕರಾರಿಗೆ ಸಹಿ ಹಾಕುವಂತಿಲ್ಲ, ದಾವೆ ಹೂಡುವಂತಿಲ್ಲ. ಕ್ವಿಬೆಕ್ ಹೆಂಗಸರ ಈ ಅಸಮರ್ಥತೆ ತೊಲಗಿದ್ದು 1964ರಲ್ಲಿ. ಭಾಷೆ, ಧರ್ಮ, ಕಾನೂನು ಉಳಿಸಿದ ಸಂಹಿತೆಯ ಬೆಲೆಯನ್ನು ಸುಮಾರು ನೂರು ವರ್ಷ ತೆತ್ತವರು ಅವರು.

1867: ಒಂದು ಸೂರು, ಬೇರೆ ಒಲೆ

ಸಮಪಾಲಿನ ಸಭೆಯಲ್ಲಿ ಯಾರಿಗೂ ಬಹುಮತ ನಿಲ್ಲದೆ 1864ರ ಜೂನ್‌ನಲ್ಲಿ ಮತ್ತೊಂದು ಸರ್ಕಾರ ಬಿತ್ತು. ಆಗ ಮ್ಯಾಕ್‌ಡೊನಾಲ್ಡ್, ಕಾರ್ಟಿಯೆ ಮತ್ತು ಅವರ ಬದ್ಧ ಎದುರಾಳಿ ಬ್ರೌನ್ ಸಮ್ಮಿಶ್ರ ಸರ್ಕಾರ ಮಾಡಿ ಒಕ್ಕೂಟದ ಯೋಜನೆ ಹಿಡಿದರು. ಸೆಪ್ಟೆಂಬರ್‌ನಲ್ಲಿ ಶಾರ್ಲಟ್‌ಟೌನ್, ಅಕ್ಟೋಬರ್‌ನಲ್ಲಿ ಕ್ವಿಬೆಕ್ ಸಮ್ಮೇಳನ, 72 ನಿರ್ಣಯ.

ಮ್ಯಾಕ್‌ಡೊನಾಲ್ಡ್‌ಗೆ ಎಲ್ಲಕ್ಕೂ ಒಂದೇ ಶಾಸನಸಭೆ ಇರುವ ದೇಶ ಇಷ್ಟವಿತ್ತು. ಕಾರ್ಟಿಯೆ ಒಪ್ಪಲಿಲ್ಲ. ಅವಿಭಕ್ತ ಕುಟುಂಬದಲ್ಲಿ ಅಣ್ಣತಮ್ಮಂದಿರು ಮನೆ ಒಡೆಯದೆ ಒಲೆ ಬೇರೆ ಮಾಡಿಕೊಂಡಂತೆ, ಸೇನೆ, ಸುಂಕ, ಬ್ಯಾಂಕು ಒಟ್ಟಿಗಿರಲಿ. ಮನೆಯೊಳಗಿನ ಬದುಕಿನ ಕಾನೂನು ಪ್ರಾಂತ್ಯದ್ದಾಗಲಿ ಎಂಬುದು ಅವನ ಹಟ. 1867ರ ಜುಲೈ 1ರಂದು ಜಾರಿಗೆ ಬಂದ ಬ್ರಿಟಿಷ್ ನಾರ್ತ್ ಅಮೆರಿಕ ಕಾಯ್ದೆಯಲ್ಲಿ ಇದು ಹೇಗೆ ಕೂತಿದೆ ನೋಡಿ. 92ನೇ ಕಲಮಿನ 13ನೇ ಅಂಶ: ಪ್ರಾಂತ್ಯದೊಳಗಿನ ಆಸ್ತಿ ಮತ್ತು ಸಿವಿಲ್ ಹಕ್ಕುಗಳು ಪ್ರಾಂತ್ಯಕ್ಕೆ. 1774ರ ಅದೇ ಪದಗಳು ಇಲ್ಲಿ ಮತ್ತೆ ಬಂದಿವೆ. 93: ಶಿಕ್ಷಣ ಪ್ರಾಂತ್ಯಕ್ಕೆ. 94: ಉಳಿದ ಮೂರು ಪ್ರಾಂತ್ಯಗಳ ಸಿವಿಲ್ ಕಾನೂನನ್ನು ಮುಂದೆ ಅವುಗಳ ಒಪ್ಪಿಗೆಯಿಂದ ಏಕರೂಪ ಮಾಡಬಹುದು, ಆ ಪಟ್ಟಿಯಲ್ಲಿ ಕ್ವಿಬೆಕ್‌ನ ಹೆಸರೇ ಇಲ್ಲ. 98: ಕ್ವಿಬೆಕ್ ಕೋರ್ಟುಗಳಿಗೆ ನ್ಯಾಯಾಧೀಶರು ಕ್ವಿಬೆಕ್ ವಕೀಲರಿಂದಲೇ ಬರಬೇಕು. 133: ಒಕ್ಕೂಟದ ಸಂಸತ್ತಿನಲ್ಲಿ, ಕ್ವಿಬೆಕ್ ಶಾಸನಸಭೆಯಲ್ಲಿ, ಇವೆರಡರ ಕೋರ್ಟುಗಳಲ್ಲಿ ಎರಡೂ ಭಾಷೆ. ಜನಸಂಖ್ಯೆಯ ಜಗಳಕ್ಕೂ ಮದ್ದು: ಕ್ವಿಬೆಕ್‌ಗೆ 65 ಸ್ಥಾನ ಖಾಯಂ, ಉಳಿದವರಿಗೆ ಅದೇ ಅನುಪಾತದಲ್ಲಿ.

ಭಾರತದ ಓದುಗರಿಗೆ ಇಲ್ಲಿ ಒಂದು ಹೋಲಿಕೆ, ಒಂದು ವ್ಯತ್ಯಾಸ ಕಾಣುತ್ತದೆ. ಪಟ್ಟಿಯಲ್ಲಿ ಹೆಸರಿಸದ ಅಧಿಕಾರಗಳು ಕೇಂದ್ರಕ್ಕೆ ಸೇರಬೇಕೆಂಬ ನಮ್ಮ ಸಂವಿಧಾನದ ಏರ್ಪಾಡಿಗೆ ಮಾದರಿ ಕೆನಡಾವೇ. ಆದರೆ ನಮ್ಮಲ್ಲಿ ಮದುವೆ, ಉಯಿಲು, ಕರಾರು ಸಮವರ್ತಿ ಪಟ್ಟಿಯಲ್ಲಿವೆ. ಸಂಘರ್ಷ ಬಂದರೆ ಸಾಮಾನ್ಯವಾಗಿ ಕೇಂದ್ರದ ಕಾನೂನು ಗೆಲ್ಲುತ್ತದೆ. ಕಾರ್ಟಿಯೆ ಆ ಬಾಗಿಲನ್ನು ಬಹುಮಟ್ಟಿಗೆ ಮುಚ್ಚಿಸಿದ. ಆದರೆ ಮದುವೆ ಮತ್ತು ವಿಚ್ಛೇದನ ಒಟ್ಟಾವಕ್ಕೆ, ಅಂದರೆ ಕೇಂದ್ರಕ್ಕೆ ಹೋದವು, ಮದುವೆ ನೆರವೇರಿಸುವ ವಿಧಿ ಪ್ರಾಂತ್ಯಕ್ಕೆ ಉಳಿಯಿತು.

ಒಕ್ಕೂಟದ ಬಗ್ಗೆ ಡೋರಿಯಾನ್ ಎತ್ತಿದ ಆಕ್ಷೇಪಗಳು ಹುರುಳಿಲ್ಲದವಲ್ಲ. ಪ್ರಾಂತ್ಯದ ಯಾವ ಕಾಯ್ದೆಯನ್ನಾದರೂ ಒಟ್ಟಾವ ರದ್ದು ಮಾಡಬಹುದಿತ್ತು, ಪ್ರಾಂತ್ಯದ ಗವರ್ನರ್ ಕೂಡ ಅದರ ನೇಮಕವೇ. ಜನಮತ ಕೇಳಿ ಎಂದರೆ ಕಾರ್ಟಿಯೆ ಒಪ್ಪಲಿಲ್ಲ. 1865ರ ಮಾರ್ಚ್ 10ರಂದು ಸಭೆ 91ಕ್ಕೆ 33 ಮತದಿಂದ ಯೋಜನೆ ಒಪ್ಪಿತು, ಆದರೆ ಫ್ರೆಂಚ್ ಸದಸ್ಯರಲ್ಲಿ ಬಹುಮತ ತೀರಾ ತೆಳುವಾಗಿತ್ತು.

ಕಲಮು ತಿರುಗಿಬಿದ್ದಾಗ

ಪ್ರಾಂತ್ಯದ ಅಧಿಕಾರ ಕಾಪಾಡುವ ಕಲಮು ಎಲ್ಲ ಪ್ರಾಂತ್ಯಕ್ಕೂ ಒಂದೇ. 1871ರಲ್ಲಿ ನ್ಯೂ ಬ್ರನ್ಸ್‌ವಿಕ್ ತನ್ನ ಶಾಲಾ ಕಾಯ್ದೆಯಿಂದ ಕ್ಯಾಥೊಲಿಕ್ ಶಾಲೆಗಳಿಗೆ ಸರ್ಕಾರಿ ಹಣ ನಿಲ್ಲಿಸಿತು. ಒಟ್ಟಾವ ಅದನ್ನು ರದ್ದು ಮಾಡಲಿ ಎಂದು ಬಿಷಪ್ಪರು, ಫ್ರೆಂಚ್ ಪತ್ರಿಕೆಗಳು ಕೇಳಿದವು. 93ನೇ ಕಲಮು ಕಾಪಾಡುವುದು ಒಕ್ಕೂಟಕ್ಕೆ ಸೇರುವಾಗ ಕಾನೂನಿನಲ್ಲಿ ಬರೆದಿದ್ದ ಹಕ್ಕುಗಳನ್ನು ಮಾತ್ರ. ನ್ಯೂ ಬ್ರನ್ಸ್‌ವಿಕ್‌ನಲ್ಲಿ ಆ ಶಾಲೆಗಳು ನಡೆದಿದ್ದು ರೂಢಿಯಿಂದ. ಅಲ್ಲಿ ಕೈಹಾಕಿದರೆ ನಾಳೆ ಕ್ವಿಬೆಕ್ ಶಾಲೆಗಳಿಗೂ ಕೈಹಾಕಲು ದಾರಿ ಕೊಟ್ಟಂತೆ ಎಂದು ಕಾರ್ಟಿಯೆ ನಿರಾಕರಿಸಿದ. ತರ್ಕ ಸರಿ, ರಾಜಕೀಯವಾಗಿ ದುಬಾರಿ.

ಪಶ್ಚಿಮದಲ್ಲೂ ಹೀಗೇ. ಹಡ್ಸನ್ಸ್ ಬೇ ಕಂಪನಿಯ ವಿಶಾಲ ಪ್ರದೇಶವನ್ನು 3 ಲಕ್ಷ ಪೌಂಡಿಗೆ ಕೆನಡಾಕ್ಕೆ ಸೇರಿಸುವ ಮಾತುಕತೆಗೆ ಲಂಡನ್‌ಗೆ ಹೋದವರಲ್ಲಿ ಕಾರ್ಟಿಯೆ ಒಬ್ಬ. ಅಲ್ಲಿದ್ದ ಮೇಟಿ ಜನರನ್ನು, ಅಂದರೆ ಮೂಲನಿವಾಸಿ ಮತ್ತು ಯುರೋಪಿಯನ್ ಮಿಶ್ರ ಮೂಲದವರನ್ನು, ಯಾರೂ ಕೇಳಿರಲಿಲ್ಲ. ಲೂಯಿ ರಿಯೆಲ್ ನೇತೃತ್ವದಲ್ಲಿ ಅವರು ತಿರುಗಿಬಿದ್ದರು. 1870ರ ಮ್ಯಾನಿಟೋಬ ಕಾಯ್ದೆಗೆ ಅವರ ಪ್ರತಿನಿಧಿಗಳೊಡನೆ ಕೂತು ಮಾತಾಡಿದ್ದು ಹೆಚ್ಚಾಗಿ ಕಾರ್ಟಿಯೆಯೇ. ಎರಡು ಭಾಷೆ, ಮೇಟಿ ಮಕ್ಕಳಿಗೆ 14 ಲಕ್ಷ ಎಕರೆ. ಆದರೆ ಇಂಗ್ಲಿಷ್ ವಲಸಿಗರು ಹೆಚ್ಚಾದ ಮೇಲೆ 1890ರಲ್ಲಿ ಮ್ಯಾನಿಟೋಬ ಫ್ರೆಂಚನ್ನು ತೆಗೆದುಹಾಕಿತು. ಅದು ಸಂವಿಧಾನಬಾಹಿರ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1979ರಲ್ಲಿ. ಬರೆದಿಟ್ಟ ಕಲಮಿಗೂ ಅದನ್ನು ಎತ್ತಿಹಿಡಿಯುವ ಜನಬಲ ಬೇಕಾಗುತ್ತದೆ, ಕ್ವಿಬೆಕ್‌ಗೆ ಅದಿತ್ತು.

ರೈಲಿನ ದುಡ್ಡು

1870ರಲ್ಲಿ ಮ್ಯಾಕ್‌ಡೊನಾಲ್ಡ್ ಕಾಯಿಲೆ ಬಿದ್ದಾಗ ಒಕ್ಕೂಟ ಸೇರುವ ಬಗ್ಗೆ ಬ್ರಿಟಿಷ್ ಕೊಲಂಬಿಯಾದ ಪ್ರತಿನಿಧಿಗಳೊಡನೆ ಮಾತಾಡಿದವನೂ ಕಾರ್ಟಿಯೆಯೇ. ಅವರ ಪಟ್ಟಿಯಲ್ಲಿ ಮೊದಲಿದ್ದದ್ದು ಗಾಡಿ ರಸ್ತೆ. ಇವನು ರೈಲನ್ನೇ ಕೊಟ್ಟ: ಎರಡು ವರ್ಷದಲ್ಲಿ ಶುರು, ಹತ್ತು ವರ್ಷದಲ್ಲಿ ಪೂರ್ತಿ. 1872ರ ಕಾಯ್ದೆಯಲ್ಲಿ ಕಟ್ಟುವ ಕಂಪನಿಗೆ 3 ಕೋಟಿ ಡಾಲರ್ ಮತ್ತು 5 ಕೋಟಿ ಎಕರೆ ನೆಲದ ನೆರವು. ಮಾಂಟ್ರಿಯಲ್‌ನ ಹಡಗು ಮಾಲೀಕ ಹ್ಯೂ ಅಲನ್ ಆ ಗುತ್ತಿಗೆಯ ಹಿಂದೆ ಬಿದ್ದ.

ಅದೇ ಬೇಸಿಗೆ ಚುನಾವಣೆ. ಜುಲೈ 30ರಂದು ಕಾರ್ಟಿಯೆ ಅಲನ್‌ಗೆ ಪತ್ರ ಬರೆದು ಕಂಪನಿಯ ವಿಷಯದಲ್ಲಿ ಭರವಸೆ ಕೊಟ್ಟ. ಅದೇ ದಿನ ಪಕ್ಷಕ್ಕೆ ಬೇಕಾದ ಹಣದ ಬೇಡಿಕೆ ಇಟ್ಟ. ಕೊನೆಗೆ ಅವನ ಕಡೆ ಬಂದದ್ದು 85,000 ಡಾಲರ್, ಮ್ಯಾಕ್‌ಡೊನಾಲ್ಡ್‌ಗೆ 45,000, ಕ್ವಿಬೆಕ್‌ನ ಇನ್ನೊಬ್ಬ ನಾಯಕ ಎಕ್ಟರ್ ಲಾಂಜೆವಾಂಗೆ 32,600. ಭರವಸೆ ಮತ್ತು ಹಣ ಒಂದೇ ದಿನಾಂಕದಲ್ಲಿ, ಬರವಣಿಗೆಯಲ್ಲಿ: ದಸ್ತಾವೇಜಿನಲ್ಲಿ ಪಳಗಿದ ವಕೀಲ ಮಾಡಬಾರದ ತಪ್ಪು ಅದು.

ದುಡ್ಡು ಗೆಲ್ಲಿಸಲೂ ಇಲ್ಲ. ಚರ್ಚಿನ ಆಡಳಿತ ವಲಯಗಳಾದ ಪ್ಯಾರಿಷ್‌ಗಳ ಹಂಚಿಕೆಯ ಜಗಳದಲ್ಲಿ ಅವನು ಸುಲ್ಪಿಸಿಯನ್ನರ ಪರವೆಂದು ಮಾಂಟ್ರಿಯಲ್‌ನ ಬಿಷಪ್ ಬೂರ್ಜೆಗೆ ಮುನಿಸು, ಶಾಲೆಯ ವಿಷಯಕ್ಕೆ ಕ್ಯಾಥೊಲಿಕರಿಗೆ ಮುನಿಸು. ಮೂತ್ರಪಿಂಡದ ಬ್ರೈಟ್ ಕಾಯಿಲೆಯಿಂದ ಕಾಲು ಊದಿ ನಿಂತು ಭಾಷಣ ಮಾಡುವುದೂ ಕಷ್ಟವಾಗಿತ್ತು. ಮಾಂಟ್ರಿಯಲ್ ಪೂರ್ವದಲ್ಲಿ ಲೂಯಿ ಅಮಾಬ್ಲ್ ಜೆಟ್ಟೆಯ ಎದುರು ಸಾವಿರಕ್ಕೂ ಹೆಚ್ಚು ಮತದಿಂದ ಸೋತ. ರಿಯೆಲ್ ಕಣದಿಂದ ಹಿಂದೆ ಸರಿದು ಮ್ಯಾನಿಟೋಬದ ಪ್ರೊವೆಂಶೆ ಕ್ಷೇತ್ರ ಬಿಟ್ಟುಕೊಟ್ಟದ್ದರಿಂದ ಅವಿರೋಧವಾಗಿ ಸಂಸತ್ತಿಗೆ ಬಂದ. ಚಿಕಿತ್ಸೆಗೆಂದು ಲಂಡನ್‌ಗೆ ಹೋದವನು 1873ರ ಮೇ 20ರಂದು ಅಲ್ಲೇ ತೀರಿಕೊಂಡ.

ಹಗರಣ ಸಂಸತ್ತಿನಲ್ಲಿ ಎದ್ದದ್ದು ಏಪ್ರಿಲ್‌ನಲ್ಲಿ, ಪತ್ರಗಳು ಪತ್ರಿಕೆಗಳಲ್ಲಿ ಬಂದದ್ದು ಜುಲೈನಲ್ಲಿ. ವಿಚಾರಣಾ ಆಯೋಗ ಕೂತಾಗ ಮುಖ್ಯ ಪತ್ರಗಳನ್ನು ಬರೆದವನೇ ಉತ್ತರ ಕೊಡಲು ಇರಲಿಲ್ಲ. ನವೆಂಬರ್ 5ರಂದು ಮ್ಯಾಕ್‌ಡೊನಾಲ್ಡ್ ರಾಜೀನಾಮೆ ಕೊಟ್ಟ. ರೈಲು ಮುಗಿದದ್ದು 1885ರಲ್ಲಿ, ಬೇರೆ ಕಂಪನಿಯಿಂದ.

ಈಗ ಜಾರಿಯಲ್ಲಿರುವುದು

1866ರ ಸಂಹಿತೆ 1994ರ ಜನವರಿ 1ರ ತನಕ ನಡೆಯಿತು. ಅಂದಿನಿಂದ ಹೊಸ ಕ್ವಿಬೆಕ್ ಸಿವಿಲ್ ಸಂಹಿತೆ. 92ನೇ ಕಲಮಿನ 13ನೇ ಅಂಶ ಇಂದಿಗೂ ಅದೇ ಪದಗಳಲ್ಲಿದೆ. ಪ್ರಾಂತ್ಯದ ಕಾಯ್ದೆ ರದ್ದು ಮಾಡುವ ಒಟ್ಟಾವದ ಅಧಿಕಾರ ಕಾಗದದ ಮೇಲೆ ಉಳಿದಿದೆ, 1943ರ ನಂತರ ಬಳಸಿಲ್ಲ. ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರಲ್ಲಿ ಮೂವರು ಕ್ವಿಬೆಕ್‌ನವರೇ ಆಗಿರಬೇಕು, ಏಕೆಂದರೆ ಅಲ್ಲಿಂದ ಬರುವ ಮೇಲ್ಮನವಿಗಳನ್ನು ಸಿವಿಲ್ ಕಾನೂನು ಬಲ್ಲವರು ಕೇಳಬೇಕು. ಮಾಂಟ್ರಿಯಲ್‌ನಲ್ಲಿ ಮನೆ ಕೊಳ್ಳುವವರು ನೋಟರಿಯ ಶುಲ್ಕವನ್ನು ಮೊದಲೇ ಲೆಕ್ಕಕ್ಕೆ ಸೇರಿಸಿಕೊಳ್ಳುವುದು ಒಳ್ಳೆಯದು, ಒಂಟಾರಿಯೊದಲ್ಲಿ ಬರೆಸಿದ ಉಯಿಲು ಇದ್ದರೆ ಅದನ್ನೂ ಅವರಿಗೆ ಒಮ್ಮೆ ತೋರಿಸಬೇಕು.